ನೀರು ಹಾಕುತ್ತಿದ್ದ ಕೆಂಪಮ್ಮ

ಕೆಂಪಮ್ಮನ ಬೆರಳ ತುದಿಗಳು ಒಣಗಿದ್ದನ್ನು ನಾನು ನೋಡಿದವಳೇ ಅಲ್ಲ. ಬಿರುಬೇಸಿಗೆಯ ಮಟಮಟ ಮಧ್ಯಾಹ್ನ ನಮ್ಮ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿರುವಾಗಲೂ ಅವು ಈಗ ತಾನೇ ನೀರಿನಿಂದ ತೆಗೆದ ಹಾಗೆ ಬೆಳ್ಳಗೆ ಸುಕ್ಕಾಗಿರುತ್ತಿದ್ದವು. ಹರಳೆಣ್ಣೆ, ಸೀಗೆಕಾಯಿ, ಸಾಂಬ್ರಾಣಿ ಹೊಗೆ ಮೂರೂ ಬೆರೆತ ಒಂದು ವಾಸನೆ ಆ ಕೈಗಳಿಗಿತ್ತು. ತುಮಕೂರಿನ ನಮ್ಮ ಚಿಕ್ಕಪೇಟೆಯಲ್ಲಿ ಆ ಕೈಯಿಂದ ಮೈ ಉಜ್ಜಿಸಿಕೊಳ್ಳದ ಹೆಂಗಸು ಇರಲಿಲ್ಲ. ಬಾಣಂತಿಯರಿಗೆ, ಎಳೆಗೂಸುಗಳಿಗೆ ನೀರು ಹಾಕುವುದು ಆಕೆಯ ಕಸುಬು.

ಈಗ ನಮ್ಮ ಮನೆಯಲ್ಲಿ ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತದೆ. ಆದರೂ ಬಚ್ಚಲ ಬಾಗಿಲು ಹಾಕಿಕೊಂಡಾಗ ಬೆನ್ನ ಹಿಂದೆ ಯಾರೋ ಕುಕ್ಕರಗಾಲಿನಲ್ಲಿ ಕೂತು ಕಾಯುತ್ತಿದ್ದಾರೆ ಅನ್ನಿಸುವುದು ತಪ್ಪಿಲ್ಲ. ಹದಿನಾರು ವರ್ಷದವಳಿದ್ದಾಗ ತುಂಬಿದ ಮನೆಯಲ್ಲಿ ಎಲ್ಲರ ಎದುರು ನಾನು ಕೆಂಪಮ್ಮನಿಗೆ ಒಂದು ಮಾತು ಅಂದೆ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಗುವುದಿಲ್ಲ ಎಂದು ಗೊತ್ತಿದ್ದೂ, ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಆಕೆ ಕುಣಿಗಲ್ ಕಡೆಯವಳು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತುಮಕೂರಿಗೆ ಬಂದು ಬಟವಾಡಿಯಲ್ಲಿ ಒಂದಂಕಣದ ಹೆಂಚಿನ ಮನೆಯಲ್ಲಿದ್ದಳು. ಆಗ ಬಟವಾಡಿ ಅಂದರೆ ಊರ ಹೊರಗೆ. ಹೊಲಗಳ ನಡುವೆ ನಾಲ್ಕು ಮನೆ. ಅಲ್ಲಿಂದ ಬೆಳಗಿನ ಹೊತ್ತು ನಡೆದುಕೊಂಡೇ ಬರುತ್ತಿದ್ದಳು. ಕಂಕುಳಲ್ಲಿ ಒದ್ದೆಯಾದರೆ ಉಡಲು ಒಂದು ಹಳೆ ಸೀರೆಯ ಗಂಟು. ಬಂದವಳೇ ಯಾರನ್ನೂ ಮಾತಾಡಿಸದೆ ನೇರ ಬಚ್ಚಲಿಗೆ ಹೋಗಿ, ಹಂಡೆಯ ಕೆಳಗೆ ತೆಂಗಿನ ಮಟ್ಟೆ ತುರುಕಿ ಉರಿ ಮಾಡಿ, ಮೊಣಕೈ ಅದ್ದಿ ನೀರಿನ ಕಾವು ನೋಡುತ್ತಿದ್ದಳು. ನೀರು ಆಕೆಯ ಮನಸ್ಸಿಗೆ ಬರುವ ತನಕ ಬಾಣಂತಿ ಕಾಯಬೇಕು, ಬಾಣಂತಿಯ ಅತ್ತೆಯೂ ಕಾಯಬೇಕು. "ನಮ್ಮ ಕುಣಿಗಲ್ ಕೆರೆ ನೀರಾಗಿದ್ರೆ ಇಷ್ಟೊತ್ತಿಗೆ ಕಾಯ್ದಿರೋದು. ಇದು ನಿಮ್ ತುಮ್ಕೂರ್ ನೀರು, ಸೋಂಬೇರಿ," ಅನ್ನುವಳು. ಬಿಸಿ ತಾಳಲಾರದೆ ಯಾರಾದರೂ ಕೂಗಿಕೊಂಡರೆ, "ನೀರಿಗೆ ಎದ್ರೋಳು ಎತ್ತೆ ಎಂಗವ್ವಾ?" ಎಂದು ಇನ್ನೊಂದು ಚೆಂಬು ಸುರಿಯುವಳು. ಕೂಸುಗಳನ್ನು ಚಾಚಿದ ಕಾಲ ಮೇಲೆ ಬೋರಲು ಹಾಕಿಕೊಂಡು ಉಜ್ಜಿ, ತಿರುಗಿಸಿ, ಮೂಗನ್ನು ಎರಡು ಬೆರಳಲ್ಲಿ ಹಿಡಿದು ಎಳೆಯುವಳು. ನನ್ನ ಮೂಗು ಇಷ್ಟುದ್ದ ಇರುವುದಕ್ಕೆ ಆಕೆಯೇ ಹೊಣೆ ಎಂದು ನಮ್ಮ ಮನೆಯಲ್ಲಿ ತಮಾಷೆ ಇತ್ತು. "ಉದ್ದ ಆಗ್ಲಿ ಬುಡು ಮಗ, ಅತ್ತೆ ಮನೇಲಿ ಎಸರು ಸೀದಿದ್ದು ಬೇಗ ಗೊತ್ತಾಯ್ತದೆ," ಅನ್ನುತ್ತಿದ್ದಳು.

ಮೂಗಿನ ಮಾತು ಬಂದಾಗ ಅಪ್ಪಾಜಿಯದನ್ನೂ ಹೇಳಬೇಕು. ಅವರದು ಕೊಬ್ಬರಿ ಮಂಡಿ. ವಾರಕ್ಕೊಮ್ಮೆ ಗುಬ್ಬಿ ಸಂತೆಗೆ ಹೋಗಿ ಕೊಬ್ಬರಿ ತರುತ್ತಿದ್ದರು. ಚೀಲದ ಬಾಯಿ ಬಿಚ್ಚದೆ, ಪಕ್ಕದಲ್ಲಿ ಒಂದು ಗಳಿಗೆ ನಿಂತು, "ಇದರಲ್ಲಿ ಹಳಸಿದ್ದು ಸೇರಿದೆ" ಅನ್ನುತ್ತಿದ್ದರಂತೆ. ಸುರಿದು ನೋಡಿದರೆ ತಳದಲ್ಲಿ ಕೆಟ್ಟ ಹೋಳುಗಳು ಇದ್ದೇ ಇರುತ್ತಿದ್ದವಂತೆ. ಕೆಂಪಮ್ಮ ಅವರ ಮೂಗಿಗೂ ಲೇವಡಿ ಮಾಡುತ್ತಿದ್ದಳು. "ಯಜಮಾನ್ರ ಮೂಗ ಯಾವ ಪುಣ್ಯಾತ್ಗಿತ್ತಿ ಎಳುದ್ಲೋ, ನಂಗೂ ಸ್ವಲ್ಪ ಕಲಿಸ್ಕೊಡ್ಬೇಕಿತ್ತು."

ಕೆಂಪಮ್ಮನಿಗೆ ಒಂದು ಕಟ್ಟಳೆಯಿತ್ತು. ನೀರು ಹಾಕಿ ಮುಗಿದ ಮೇಲೆ, ಹಂಡೆಯಿಂದ ಕೊನೆಯ ಚೆಂಬು ನೀರು ತೆಗೆದು ತನ್ನ ಎರಡೂ ಕೈಗಳ ಮೇಲೆ ನಿಧಾನವಾಗಿ ಸುರಿದುಕೊಳ್ಳುವಳು. "ಕಂಡಿದ್ದು ಅರ್ದೋಗ್ಲಿ," ಎಂದು ಮೆಲ್ಲಗೆ ಹೇಳುವಳು. ಆ ನೀರು ಬಚ್ಚಲ ತೂಬಿನಲ್ಲಿ ಹರಿದು ಹೋಗುವ ತನಕ ನೋಡುತ್ತ ನಿಲ್ಲುವಳು. ಅದಾದ ಮೇಲೆ ಆಕೆ ಕಂಡದ್ದು ಯಾವುದೂ ಆಚೆಗೆ ಬರುವುದಿಲ್ಲ. ಯಾವ ಮನೆಯ ಸೊಸೆಯ ಬೆನ್ನ ಮೇಲೆ ಬಾಸುಂಡೆ ಇದೆ, ಯಾರಿಗೆ ತೊಡೆ ಸುಟ್ಟ ಕಲೆ ಇದೆ, ಎಲ್ಲ ಆಕೆಗೆ ಗೊತ್ತು. "ಕೆಂಪಮ್ಮ ಬಾಯಿ ಬಿಟ್ಟರೆ ಅರ್ಧ ತುಮಕೂರು ಊರು ಬಿಡಬೇಕಾಗುತ್ತೆ," ಎಂದು ಅಪ್ಪಾಜಿ ನಗುತ್ತಿದ್ದರು. ಆ ಕಟ್ಟಳೆಯ ಧೈರ್ಯದಿಂದಲೇ ಡಾಕ್ಟರಿಗೆ ತೋರಿಸದ ಮೈಯನ್ನು ಹೆಂಗಸರು ಆಕೆಗೆ ತೋರಿಸುತ್ತಿದ್ದರು.

ಗಂಟುಗಳ ವಿಷಯದಲ್ಲಿ ಆಕೆಯದೇ ಒಂದು ಶಾಸ್ತ್ರವಿತ್ತು. ಎದೆಹಾಲು ಕಟ್ಟಿಕೊಂಡ ಬಾಣಂತಿಯರಿಗೆ ಬಿಸಿ ಬಟ್ಟೆಯ ಶಾಖ ಕೊಡುತ್ತ ಹೇಳುವಳು: "ಗಂಟಲ್ಲಿ ಎಲ್ಡು ಜಾತಿ ಕಣವ್ವ. ಬೆರಳು ಮಡಗಿದ್ರೆ ಜಾರ್ಕೊಂಡು ಓಗೋದು ಒಂದು, ಜಗ್ಗದೆ ಕುಂತಿರೋದು ಒಂದು. ಜಾರೋದು ನೆಂಟ, ನಾಕ್ ದಿನ ಇದ್ದು ಓಯ್ತದೆ. ಕುಂತಿರೋದು ಮನೆ ಮಾಡ್ಕೊಂಡೈತೆ ಅಂತ ತಿಳ್ಕೊ." ಬೆರಳಿಗೆ ಜಾರಿದರೂ ನಂಬಿ ಕೂರಬಾರದು, ಯಾವ ಗಂಟನ್ನಾದರೂ ತೋರಿಸಬೇಕು ಎಂದು ಎಷ್ಟೋ ವರ್ಷದ ಮೇಲೆ ಡಾಕ್ಟರೊಬ್ಬರು ನನಗೆ ಹೇಳಿದರು. ಆದರೆ ಕುಂತಿರುವ ಗಂಟಿನ ವಿಷಯದಲ್ಲಿ ಕೆಂಪಮ್ಮನ ಬೆರಳು ತಪ್ಪಿದ್ದು ನನಗೆ ಗೊತ್ತಿಲ್ಲ.

ಐವತ್ತರ ದಶಕದ ನಡುವಿನ ಒಂದು ವರ್ಷ. ಕುಣಿಗಲ್ಲಿಗೆ ಕೊಟ್ಟಿದ್ದ ನಮ್ಮ ಶಾಂತಕ್ಕ ಚೊಚ್ಚಲ ಹೆರಿಗೆಗೆ ಮನೆಗೆ ಬಂದಿದ್ದಳು. ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಗಂಡು ಮಗುವಾಯಿತು. ಕೆಂಪಮ್ಮ ದಿನಾ ಬರತೊಡಗಿದಳು. ಬಾಣಂತನ ಮಾಡಿ ಮಾಡಿ ಅಮ್ಮನ ಸೊಂಟ ಹಿಡಿದುಕೊಂಡಿತ್ತು. ಒಂದು ದಿನ ಕೆಂಪಮ್ಮನೇ, "ಬನ್ನಿ ಅಮ್ಮಾರೆ, ನಿಮ್ಗೂ ಎಣ್ಣೆ ಒತ್ತಿ ಎಲ್ಡು ಚೆಂಬು ಉಯ್ತೀನಿ," ಎಂದು ಎಳೆದುಕೊಂಡು ಹೋದಳು. ಆವತ್ತು ಒಳಗೆ ನಡೆದದ್ದು ನನಗೆ ತಿಳಿದದ್ದು ಆಮೇಲೆ, ಕೆಂಪಮ್ಮನ ಬಾಯಿಂದಲೇ.

ಎಡಗಡೆಯ ಎದೆಯ ಕೆಳಗೆ, ಪಕ್ಕೆಯ ಕಡೆಗೆ, ಕೆಂಪಮ್ಮನ ಬೆರಳು ನಿಂತಿತು. ನೆನೆಸಿದ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು. ಒತ್ತಿದರೆ ಜರುಗುತ್ತಿರಲಿಲ್ಲ.

"ಅಮ್ಮಾರೆ, ಇದು ಕುಂತೈತೆ. ಲೇಡಿ ಡಾಕ್ಟ್ರ ತಾವ ಓಗವ್ವ."

ಅಮ್ಮ ಸೆರಗು ಎಳೆದುಕೊಂಡಳಂತೆ. "ನೋವೇ ಇಲ್ವಲ್ಲೆ ಕೆಂಪಮ್ಮ. ಎರಡು ತಿಂಗಳಿಂದ ಇದೆ, ಒಂದು ದಿನ ನೋಯ್ಲಿಲ್ಲ. ನೋವಿಲ್ಲದ್ದು ಕಾಯಿಲೆ ಹೆಂಗಾಗುತ್ತೆ?"

"ಅದಕ್ಕೇ ಯೋಳ್ತಿರೋದು. ಬಾಗ್ಲು ತಟ್ಟಿ ಬರೋನು ಕಳ್ಳ ಅಲ್ಲ."

"ಈಗ ನಾನು ಆಸ್ಪತ್ರೆ ಅಂತ ಹೋದ್ರೆ ಶಾಂತ ಕೊರಗ್ತಾಳೆ. ಬಾಣಂತಿ ಕೊರಗಿದ್ರೆ ಹಾಲು ಬತ್ತುತ್ತೆ. ಅವಳು ಗಂಡನ ಮನೆಗೆ ಹೋಗ್ಲಿ, ಆಮೇಲೆ ನೋಡೋಣ. ಯಾರಿಗೂ ಹೇಳಕೂಡದು. ಮಗೂನ ತಲೆ ಮುಟ್ಟಿ ಆಣೆ ಮಾಡು."

ಮಗು ಪಕ್ಕದಲ್ಲೇ ಬಿದಿರ ಮೊರದಲ್ಲಿ ಮಲಗಿತ್ತು. ಕೆಂಪಮ್ಮ ಒದ್ದೆ ಕೈಯಲ್ಲಿ ಅದರ ನೆತ್ತಿ ಮುಟ್ಟಿದಳು. ಆಮೇಲೆ ಕೊನೆಯ ಚೆಂಬು ಸುರಿದುಕೊಂಡಳು.

ಶಾಂತಕ್ಕ ಮಗುವನ್ನು ಎತ್ತಿಕೊಂಡು ಕುಣಿಗಲ್ಲಿಗೆ ಹೋದಳು. ಅಮ್ಮ ಗೌರಿ ಹಬ್ಬ ಕಳೆಯಲಿ ಅಂದಳು. ಗೌರಿ ಕಳೆದ ಮೇಲೆ ದೀಪಾವಳಿ, ದೀಪಾವಳಿ ಕಳೆದ ಮೇಲೆ ಸಂಕ್ರಾಂತಿ. ನಮ್ಮ ಹೆಂಗಸರಿಗೆ ಕಾಯಿಲೆ ಬೀಳಲು ಪಂಚಾಂಗದಲ್ಲಿ ಒಂದು ದಿನ ಬಿಡುವಿರುವುದಿಲ್ಲ. ಕೆಂಪಮ್ಮ ವಾರಕ್ಕೊಮ್ಮೆ ಬಂದು ಗುಟ್ಟಾಗಿ ಹರಳೆಲೆ ಬಿಸಿ ಮಾಡಿ ಕಟ್ಟುತ್ತಿದ್ದಳು, ಅರಿಶಿನ ತೇಯ್ದು ಹಚ್ಚುತ್ತಿದ್ದಳು. ಅದರಿಂದ ಏನೂ ಆಗುವುದಿಲ್ಲ ಎಂದು ಆಕೆಗೆ ಗೊತ್ತಿತ್ತು. ಬಂದಾಗೆಲ್ಲ "ಯಜಮಾನ್ರಿಗೆ ಒಂದ್ ಮಾತು ಯೋಳವ್ವ" ಅನ್ನುವಳು. ಅಮ್ಮ ಆಣೆ ನೆನಪಿಸುವಳು. ಗಂಟಿನ ಮೇಲಿನ ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ತೂತು ತೂತಾಯಿತು. ಕಂಕುಳಲ್ಲಿ ಇನ್ನೊಂದು ಕೂತಿತು. ಕೊನೆಗೆ ಮೇಲಿನದು ಒಡೆಯಿತು.

ಸಂಕ್ರಾಂತಿ ಕಳೆದು ಒಂದು ತಿಂಗಳಿಗೆ ಅಮ್ಮ ಎಳ್ಳಿನ ಡಬ್ಬ ಇಳಿಸಲು ಕೈ ಎತ್ತಿದವಳು ಅಲ್ಲೇ ಕುಸಿದಳು. ಆಗ ಎಲ್ಲ ಹೊರಗೆ ಬಿತ್ತು. ಊರಿನ ಲೇಡಿ ಡಾಕ್ಟರು ಗಾಯ ನೋಡಿದವರೇ ಅಪ್ಪಾಜಿಯ ಕಡೆ ತಿರುಗಿ, "ಒಂದು ವರ್ಷದಿಂದ ಮನೇಲಿ ಯಾರೂ ನೋಡ್ಲಿಲ್ವೇನ್ರಿ?" ಎಂದು ಕೇಳಿದರು. ಅಪ್ಪಾಜಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಚೀಟಿಯ ಮೇಲೆ ಬರೆದುಕೊಟ್ಟ ಕ್ಯಾನ್ಸರ್ ಎಂಬ ಶಬ್ದವನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಓದಲಿಲ್ಲ. ಅಲ್ಲಿನ ಡಾಕ್ಟರು ಸಮಾಧಾನದ ಮನುಷ್ಯ. ನನ್ನನ್ನೂ ಅಪ್ಪಾಜಿಯನ್ನೂ ಕೂರಿಸಿಕೊಂಡು ಹೇಳಿದರು: ಇದು ಯಾರ ಶಾಪವೂ ಅಲ್ಲ, ಅಂಟುವಂಥದ್ದೂ ಅಲ್ಲ. ಮೈಯೊಳಗಿನ ಮಾಂಸವೇ ಹದ ತಪ್ಪಿ ಬೆಳೆಯುತ್ತದೆ. ಏಕೆ ಎಂದು ನಮಗೂ ಪೂರ್ತಿ ಗೊತ್ತಿಲ್ಲ. ಗಂಟು ಒಂದೇ ಕಡೆ ಇದ್ದಾಗ ಬಂದಿದ್ದರೆ ಕತ್ತರಿಸಿ ತೆಗೆಯುತ್ತಿದ್ದೆವು, ಬದುಕುವ ದಾರಿ ಇರುತ್ತಿತ್ತು. ಈಗ ಕಂಕುಳಿಗೆ ಇಳಿದಿದೆ. ಶಾಖ ಕೊಡುತ್ತೇವೆ, ಗಾಯ ಸ್ವಲ್ಪ ಒಣಗಬಹುದು, ನೋವು ಕಡಿಮೆಯಾಗಬಹುದು. ಆ ಶಾಖಕ್ಕೆ ನಮ್ಮ ಜನ ಕರೆಂಟು ಕೊಡೋದು ಅನ್ನುತ್ತಿದ್ದರು. ಕರೆಂಟು ಕೊಟ್ಟ ಜಾಗ ಸೀದ ರೊಟ್ಟಿಯ ಹಾಗೆ ಕಪ್ಪಾಯಿತು. ಅಮ್ಮ ಒಂದು ಸಲವೂ ಅಳಲಿಲ್ಲ, ಅದನ್ನು ನೋಡಿ ನನಗೆ ಸಿಟ್ಟು ಬರುತ್ತಿತ್ತು.

ಮನೆಗೆ ಕರೆದುಕೊಂಡು ಬಂದ ಮೇಲೆ ನೆಂಟರು ಕಾರಣಗಳನ್ನು ಹೊತ್ತು ತಂದರು. ನಾಗರನಿಗೆ ಹಾಲೆರೆಯದ ದೋಷ ಅಂದರು, ಬಿಗಿ ರವಿಕೆ ತೊಟ್ಟಿದ್ದಕ್ಕೆ ಅಂದರು. ಅಮ್ಮನ ತಂಗಿ, ನಮ್ಮ ಗುಬ್ಬಿ ಚಿಕ್ಕಮ್ಮ, ಅಕ್ಕನ ಸೇವೆಗೆಂದು ಬಂದವಳು ಬಂದ ದಿನವೇ ಅಮ್ಮನ ಲೋಟಕ್ಕೆ ಗುರುತಿಗೆ ಒಂದು ಕೆಂಪು ದಾರ ಕಟ್ಟಿ ಬೇರೆ ಇಟ್ಟಳು. ಅಮ್ಮ ನೋಡಿಯೂ ನೋಡದವಳ ಹಾಗೆ ಗೋಡೆಯ ಕಡೆ ತಿರುಗಿದಳು. ಕೆಂಪಮ್ಮ ಆಗ ತಾನೇ ಗಾಯ ತೊಳೆದು ಬೇವಿನ ನೀರು ಚೆಲ್ಲಿ ಬಂದಿದ್ದಳು. ಆ ದಾರದ ಲೋಟ ಎತ್ತಿ, ಅಮ್ಮ ಕುಡಿದು ಬಿಟ್ಟಿದ್ದ ಮಜ್ಜಿಗೆಯನ್ನು ಗಟಗಟ ಕುಡಿದಳು. ಬಾಯಿ ಒರೆಸಿಕೊಂಡು, "ಅಂಟೋದಾಗಿದ್ರೆ ಈ ಕೈಗೆ ಎಂದೋ ಅಂಟ್ಬೇಕಿತ್ತು ಕಣಮ್ಮ," ಅಂದಳು. ಚಿಕ್ಕಮ್ಮ ಮುಖ ಸಿಂಡರಿಸಿದಳು. ಆ 'ಎಂದೋ' ಎಂಬ ಮಾತನ್ನು ಯಾರೂ ಹಿಡಿದು ಕೇಳಲಿಲ್ಲ.

ಆ ನಾಲ್ಕು ತಿಂಗಳು ಅಮ್ಮನನ್ನು ಮನುಷ್ಯಳಾಗಿ ಉಳಿಸಿದವಳು ಕೆಂಪಮ್ಮ. ವಾಸನೆ ಗೊತ್ತಾಗದಿರಲೆಂದು ಸಾಂಬ್ರಾಣಿ ಹಾಕುವಳು. ನೋಯುವ ಕಡೆ ಬಿಟ್ಟು ಉಳಿದ ಮೈಗೆ ಬೆಚ್ಚಗಿನ ನೀರು ಹಾಕಿ, ತಲೆ ಬಾಚಿ, ವಿಭೂತಿ ಹಚ್ಚಿ ಕೂರಿಸುವಳು. ಕುಣಿಗಲ್ ಕೆರೆಯ ಏರಿಯ ಮೇಲೆ ತಾನು ಹುಡುಗಿಯಾಗಿದ್ದಾಗ ಎಮ್ಮೆ ಕಳೆದುಕೊಂಡು ಅತ್ತಿದ್ದು, ಎಮ್ಮೆ ತನಗಿಂತ ಮುಂಚೆ ಮನೆ ಸೇರಿ ಮೆಲುಕು ಹಾಕುತ್ತ ನಿಂತಿದ್ದು, ಇದನ್ನು ದಿನಾ ಹೇಳುವಳು. ಅಮ್ಮ ದಿನಾ ನಗುವಳು. ಆಷಾಢದ ಒಂದು ಬೆಳಗ್ಗೆ, ಕತೆಯಲ್ಲಿ ಎಮ್ಮೆ ಇನ್ನೂ ಸಿಕ್ಕಿರಲಿಲ್ಲ, ಅಮ್ಮ ಹೋಗಿಬಿಟ್ಟಳು.

ಹನ್ನೊಂದನೆಯ ದಿನ ಗಣಾರಾಧನೆ. ತೊಟ್ಟಿಯ ಸುತ್ತ ನೆಂಟರು ಊಟಕ್ಕೆ ಕೂರುವ ಮುಂಚೆ ಕೆಂಪಮ್ಮ ಬಂದು ನಡುವೆ ನಿಂತಳು. ಯಾರೂ ಕೇಳಿರಲಿಲ್ಲ, ತಾನಾಗಿಯೇ ಹೇಳಿದಳು. "ಯಜಮಾನ್ರೇ, ಓದ್ ವರ್ಸ ಶಾಂತವ್ವನ ಬಾಣಂತನದಾಗೇ ನಂಗೆ ಸಿಕ್ಕಿತ್ತು. ಕಡ್ಲೆಕಾಳಷ್ಟಿತ್ತು. ಆಣೆ ಆಕ್ಸಿದ್ರು, ಯೋಳ್ನಿಲ್ಲ. ಬಚ್ಚಲಾಗೆ ಕಂಡಿದ್ದು ಆಚೆ ತರಬಾರ್ದು ಅಂತ ಬಾಯ್ ಕಟ್ಕೊಂಡಿದ್ದೆ. ಕಟ್ಕೋಬಾರ್ದಿತ್ತು."

ಆಗ ನಾನು ಎದ್ದು ನಿಂತು ಕೂಗಿದೆ: "ನೀನೇ ನಮ್ಮಮ್ಮನ್ನ ಕೊಂದಿದ್ದು!"

ಕೆಂಪಮ್ಮ ನನ್ನ ಮುಖ ನೋಡಿದಳು. ಆಮೇಲೆ ಅಪ್ಪಾಜಿಯ ಮುಖ ನೋಡಿದಳು. ಅವರು ತಲೆ ತಗ್ಗಿಸಿಕೊಂಡಿದ್ದರು. ಏನೋ ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡಳು. "ಊಂ ಕಣ್ ಮಗ," ಎಂದು ಹೇಳಿ, ಸೀರೆಯ ಗಂಟು ಕಂಕುಳಲ್ಲಿಟ್ಟುಕೊಂಡು ಹೊರಟುಹೋದಳು. ಆವತ್ತು ಆಕೆ ಊಟ ಮಾಡಲಿಲ್ಲ ಎಂಬುದು ಕೂಡ ನನಗೆ ಹೊಳೆದದ್ದು ಸಂಜೆಗೆ.

ಅಲ್ಲಿಂದಾಚೆಗೆ ಕೆಂಪಮ್ಮ ತನ್ನ ಕಟ್ಟಳೆ ಮುರಿದಳು. ಕೈಗೆ ಗಂಟು ಸಿಕ್ಕರೆ ನಡುಮನೆಗೆ ಬಂದು ಗಂಡಸರ ಎದುರು ನಿಂತು ಹೇಳಿಬಿಡುವಳು. ಶಿರಾ ಗೇಟಿನ ಹತ್ತಿರ ಒಬ್ಬ ಬಟ್ಟೆ ವ್ಯಾಪಾರಿಯ ಮನೆಯಲ್ಲಿ ಮದುವೆ ಗೊತ್ತಾಗಿದ್ದ ಹುಡುಗಿಯ ಎದೆಯ ಮಾತು ಎತ್ತಿದ್ದಕ್ಕೆ ಆಕೆಯನ್ನು ಬೀದಿಯ ತನಕ ಅಟ್ಟಿಸಿಕೊಂಡು ಹೋದರಂತೆ. ಆ ಹುಡುಗಿಯದು ಬೆರಳಿಗೆ ಜಾರುವ, ಬರೀ ಕೊಬ್ಬಿನ ಗಂಟಾಗಿತ್ತು, ಆದರೆ ಮಾತು ಊರೆಲ್ಲ ಹರಡಿ ಗಂಡಿನ ಕಡೆಯವರು ಹಿಂದೆ ಸರಿದರು. ಅದೂ ಕೆಂಪಮ್ಮನಿಂದಾದ ತಪ್ಪೇ. ಒಂದೊಂದೇ ಮನೆ ಬಾಗಿಲು ಹಾಕಿಕೊಂಡಿತು. ಚಿಕ್ಕಪೇಟೆಗೆ ಬೇರೆ ನೀರು ಹಾಕುವವಳು ಬಂದಳು. ನಾನು ರಸ್ತೆಯಲ್ಲಿ ಕೆಂಪಮ್ಮನನ್ನು ಕಂಡರೆ ಅಡ್ಡದಾರಿ ಹಿಡಿಯುತ್ತಿದ್ದೆ.

ಗುಬ್ಬಿಯಲ್ಲಿ ನಡೆದದ್ದನ್ನು ಚಿಕ್ಕಮ್ಮನೇ ನನಗೆ ಹೇಳಿದ್ದು. ಅಮ್ಮ ಹೋಗಿ ಮೂರು ವರ್ಷವಾಗಿತ್ತು. ಒಂದು ಸಂತೆಯ ದಿನ ಕೆಂಪಮ್ಮ ಬಸ್ಸು ಹತ್ತಿ ಕರೆಯದೆಯೇ ಅವರ ಮನೆಗೆ ಹೋಗಿದ್ದಳು. "ಅಕ್ಕಂಗೆ ಬಂದಿದ್ದು ತಂಗೀನೂ ಉಡಿಕ್ಕೊಂಡು ಬಂದಾತು. ಒಂದೇ ಒಂದ್ಸಲ ನೀರು ಉಯ್ತೀನಿ, ಬ್ಯಾಡ ಅನ್ಬ್ಯಾಡಿ," ಎಂದು ಬಾಗಿಲಲ್ಲಿ ಕೂತಳು. ಚಿಕ್ಕಮ್ಮನಿಗೆ ಭುಜ ನೋವಿತ್ತು. ಹಾಳಾಗಿ ಹೋಗಲಿ ಎಂದು ಒಪ್ಪಿದಳು. ಕೆಂಪಮ್ಮನ ಬೆರಳು ಅಲ್ಲಿಯೂ ನಿಂತಿತು. ಸೀದಾ ನಡುಮನೆಗೆ ಬಂದು ಚಿಕ್ಕಪ್ಪನಿಗೆ ಹೇಳಿದಳು. ಚಿಕ್ಕಮ್ಮನ ಅತ್ತೆ ಕೆಂಪಮ್ಮನ ಸೀರೆಯ ಗಂಟನ್ನು ಬೀದಿಗೆ ಎಸೆದರು. ಆದರೆ ಚಿಕ್ಕಪ್ಪ ಅಮ್ಮನ ಗಾಯ ನೋಡಿದ್ದವರು. ಯಾರಿಗೂ ಹೇಳದೆ ಚಿಕ್ಕಮ್ಮನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ಕತ್ತರಿಸಿ ತೆಗೆಸಿದರು. ಚಿಕ್ಕಮ್ಮ ಬದುಕಿದಳು, ಮೊಮ್ಮಕ್ಕಳನ್ನು ಎತ್ತಿ ಆಡಿಸಿದಳು. ಕೆಂಪಮ್ಮನನ್ನು ಮಾತ್ರ ಮತ್ತೆ ಹೊಸಿಲು ತುಳಿಸಲಿಲ್ಲ. "ನಡುಮನೇಲಿ ನಿಂತು ಗಂಡಸರ ಎದುರಿಗೆ ನನ್ನ ಎದೆ ವಿಷ್ಯ ಮಾತಾಡಿದ್ಲು ಕಣೇ. ಅದನ್ನ ಹೆಂಗೆ ಮರೀಲಿ?" ಅಂದಳು. ನನಗೆ ಆಕೆಯ ಮೇಲೆ ಕೋಪ ಬಂತು. ನಾನೇನು ಘನವಾದದ್ದು ಮಾಡಿದ್ದೆ ಎಂದು ಆ ಕೋಪ ಅಲ್ಲೇ ಇಂಗಿತು.

ಅರವತ್ತರ ದಶಕದ ಶುರುವಿನಲ್ಲಿ ನನಗೆ ಮದುವೆಯಾಗಿ, ಹೆರಿಗೆಗೆ ತುಮಕೂರಿಗೆ ಬಂದೆ. ಹೆಣ್ಣು ಮಗು. ನೀರು ಹಾಕಲು ಯಾರನ್ನೋ ಗೊತ್ತು ಮಾಡಿದ್ದರು. ನಾನು, "ಕೆಂಪಮ್ಮ ಬಂದ್ರೆ ನೀರು ಹಾಕಿಸ್ಕೊತೀನಿ, ಇಲ್ದಿದ್ರೆ ಇಲ್ಲ," ಎಂದು ಹಟ ಹಿಡಿದೆ. ಅಪ್ಪಾಜಿ ತಾವೇ ಜಟಕಾ ಮಾಡಿಕೊಂಡು ಬಟವಾಡಿಗೆ ಹೋಗಿ ಕರೆತಂದರು.

ಕೆಂಪಮ್ಮ ಮುದುಕಿಯಾಗಿದ್ದಳು. ಬೆನ್ನು ಬಾಗಿತ್ತು. ಮಗುವಿನ ಮೂಗು ನೋಡಿ, "ಇದ್ಕೆ ಎಳ್ಯೋದು ಬ್ಯಾಡ ಬುಡು, ತಾಯಿದೇ ಸಾಕು," ಅಂದಳು. ಬಚ್ಚಲಲ್ಲಿ ಹಂಡೆಯ ನೀರು ಗುಂಯ್ ಎನ್ನುತ್ತಿತ್ತು. ಬೆನ್ನು, ಭುಜ, ಪಕ್ಕೆ ಎಂದು ಉಜ್ಜುತ್ತ ಬಂದ ಕೈ ನನ್ನ ಎಡಗಡೆ, ಎದೆಯ ಕೆಳಗೆ ನಿಂತಿತು. ಅಮ್ಮನದೂ ಅದೇ ಜಾಗ ಎಂದು ನನಗೆ ಗೊತ್ತಿತ್ತು. ಹೊಗೆಯಲ್ಲಿ ಆಕೆಯ ಮುಖ ಕಾಣಿಸುತ್ತಿರಲಿಲ್ಲ.

"ಜಾರ್ತದೆ," ಅಂದಳು ಕೊನೆಗೆ. "ಆಲಿನ ಗಂಟು ಮಗ. ಜಾರ್ತದೆ." ನನ್ನ ಬೆರಳನ್ನೇ ಹಿಡಿದು ಅಲ್ಲಿ ಇಟ್ಟು ತೋರಿಸಿದಳು. "ಆದ್ರೂ ಲೇಡಿ ಡಾಕ್ಟ್ರಿಗೆ ತೋರ್ಸು. ಈ ಮುದ್ಕಿ ಬೆರಳು ನಂಬ್ಕೊಂಡು ಕೂರ್ಬ್ಯಾಡ. ತಿಂಗ್ಳಿಗೊಂದ್ಸಲ ನಿನ್ ಕೈಯಾಗೆ ನೀನೇ ನೋಡ್ಕೋ, ನಾನಿರಲ್ಲ." ಬಿಸಿ ಬಟ್ಟೆ ಹಿಂಡಿ ಶಾಖ ಕೊಟ್ಟಳು.

ನೀರು ಹಾಕಿ ಮುಗಿಯಿತು. ಆಕೆ ಸೆರಗು ಕೊಡವಿ ಏಳುತ್ತಿದ್ದಳು. ಕೊನೆಯ ಚೆಂಬು ತೆಗೆಯಲಿಲ್ಲ. "ಕೈ ಮೇಲೆ ನೀರು ಹಾಕ್ಕೊಳಲ್ವಾ ಕೆಂಪಮ್ಮ?" ಎಂದು ಕೇಳಿದೆ.

"ನಿಮ್ಮವ್ವ ಓದ್ಮ್ಯಾಕೆ ಬುಟ್ಬುಟ್ಟೆ. ಅರ್ದೋಯ್ತದೆ ಅನ್ಕೊಂಡಿದ್ದೆ. ಓಗ್ನಿಲ್ಲ."

ನಾನು ಅಳುತ್ತ, ಆವತ್ತು ಅಂದ ಮಾತು ತಪ್ಪು ಎಂದು ಹೇಳಲು ಹೊರಟೆ. ಆಕೆ ತಡೆದಳು. "ಯಾಕ್ ಅಳ್ತೀಯ? ಬಟ್ಟೆ ಒಗೀತಿದ್ದೋಳು ನೀನೇ ಅಲ್ವಾ."

ಇಷ್ಟು ಹೊತ್ತು ನಾನು ಬರೆಯದೆ ದಾಟಿಸಿಕೊಂಡು ಬಂದದ್ದನ್ನು ಈಗ ಬರೆಯಲೇಬೇಕು. ಆ ವರ್ಷ ದೀಪಾವಳಿಯ ನಂತರ ಅಮ್ಮನ ರವಿಕೆಯ ಎಡಗಡೆ ಹಳದಿ ಕಲೆಯಾಗುತ್ತಿತ್ತು. ಒಗೆಯುವವಳು ನಾನು. ಒಗೆದರೂ ವಾಸನೆ ಹೋಗುತ್ತಿರಲಿಲ್ಲ. ಕೇಳಿದರೆ ಅಮ್ಮ, "ಕುರು ಕಣೆ. ಸಂಕ್ರಾಂತಿ ಕಳೀಲಿ, ನಾನೇ ಹೇಳ್ತೀನಿ. ನಿಮ್ಮಪ್ಪಾಜಿ ಕಿವಿಗೆ ಹಾಕಿದ್ರೆ ನನ್ನಾಣೆ," ಅಂದಳು. ಅದು ಕ್ಯಾನ್ಸರ್ ಎಂದು ನನಗೆ ತಿಳಿದಿರಲಿಲ್ಲ, ನಿಜ. ಆದರೆ ಅದು ಕುರುವಲ್ಲ ಎಂದು ತಿಳಿದಿತ್ತು. ನಾನು ರವಿಕೆಗಳನ್ನು ಎರಡೆರಡು ಸಲ ಜಾಲಿಸಿ, ಯಾರಿಗೂ ಕಾಣದಂತೆ ಸೀರೆಯ ಮಡಿಕೆಯ ಒಳಗೆ ಒಣಗಿ ಹಾಕುತ್ತಿದ್ದೆ. ಮೂರು ತಿಂಗಳು ಹಾಗೆ ಒಣಗಿ ಹಾಕಿದೆ. ಅಮ್ಮ ಇದನ್ನು ಕೆಂಪಮ್ಮನಿಗೆ ಹೇಳಿದ್ದಳು. ಹನ್ನೊಂದನೆಯ ದಿನ ನಾನು ಬೆರಳು ತೋರಿಸಿ ಕೂಗಿದಾಗ, "ಈ ಕೂಸಿಗೂ ಗೊತ್ತಿತ್ತು" ಎಂಬ ಒಂದು ಮಾತು ಆಕೆಯ ಬಾಯಿಯ ತುದಿಯಲ್ಲಿತ್ತು. ಅದನ್ನು ನುಂಗಿಕೊಂಡು, ಊಂ ಎಂದು ಹೊರಟುಹೋಗಿದ್ದಳು.

"ಅಪ್ಪಾಜಿಗೆ ಈಗಲೇ ಹೇಳ್ತೀನಿ," ಎಂದು ಎದ್ದೆ.

ಕೆಂಪಮ್ಮ ನನ್ನ ರಟ್ಟೆ ಹಿಡಿದು ಕೂರಿಸಿದಳು. "ಬ್ಯಾಡ ಮಗ. ಅವ್ರು ಒಂದ್ಸಲ ತಡ್ಕೊಂಡವ್ರೆ. ಇನ್ನೊಂದ್ಸಲಕ್ಕೆ ಆಗಲ್ಲ. ನಾನಿರೋಗಂಟ ಇದು ನನ್ ತಲೆ ಮ್ಯಾಲೇ ಇರ್ಲಿ." ಮತ್ತೆ ನಾನು ಒಪ್ಪಿಕೊಂಡೆ. ನನಗೆ ಅದು ಅನುಕೂಲವಾಗಿತ್ತು, ಅದಕ್ಕೇ ಒಪ್ಪಿಕೊಂಡೆ.

ಮೂರು ತಿಂಗಳು ಬಂದು ನೀರು ಹಾಕಿದಳು. ಗಂಟು ನಾಲ್ಕು ದಿನಕ್ಕೇ ಕರಗಿತ್ತು, ಲೇಡಿ ಡಾಕ್ಟರೂ ಏನಿಲ್ಲ ಅಂದರು. ನಾನು ಹೊರಡುವ ದಿನ ಕೆಂಪಮ್ಮ ಜಟಕಾದ ಪಕ್ಕ ನಿಂತು, ಮಗುವಿನ ಮೂಗನ್ನು ಒಂದೇ ಒಂದು ಸಲ ಮೆಲ್ಲಗೆ ಎಳೆದಳು. ನಾನು ಆಕೆಯನ್ನು ಕಂಡದ್ದು ಅದೇ ಕೊನೆ.

ಐದಾರು ವರ್ಷದ ಮೇಲೆ ತವರಿಗೆ ಬಂದಾಗ ಹಾಲಿನವಳು ಮಾತಿನ ನಡುವೆ ಹೇಳಿದಳು: ಕೆಂಪಮ್ಮ ಕಣ್ಣು ಕಾಣದೆ ಕುಣಿಗಲ್ಲಿನ ಅಣ್ಣನ ಮಗನ ಮನೆಗೆ ಹೋದಳಂತೆ, ಬೇಸಿಗೆಯಲ್ಲಿ ಅಲ್ಲೇ ತೀರಿಕೊಂಡಳಂತೆ. ಎರಡು ತಿಂಗಳಾಗಿತ್ತು. ಆಕೆಗೆ ಕೊನೆಯ ನೀರು ಯಾರು ಹಾಕಿದರೋ ಗೊತ್ತಿಲ್ಲ.

ಅಪ್ಪಾಜಿ ಜಗಲಿಯ ಮೇಲೆ ಕೂತಿದ್ದರು. ಮಂಡಿ ಬಿಟ್ಟು ವರ್ಷಗಳಾಗಿದ್ದವು. ನಾನು ಹೋಗಿ ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ: ಕಲೆ, ವಾಸನೆ, ಸೀರೆಯ ಮಡಿಕೆ, ಆಣೆ. "ನಂಗೂ ಗೊತ್ತಿತ್ತು ಅಪ್ಪಾಜಿ. ಕೆಂಪಮ್ಮ ಹೇಳ್ಲಿಲ್ಲ ಅಂತ ಕೂಗಾಡಿದೆ, ನಾನೂ ಹೇಳಿರ್ಲಿಲ್ಲ."

ಅವರು ನನ್ನ ಕಡೆ ನೋಡಲಿಲ್ಲ. ಬೀದಿಯ ಕಡೆ ನೋಡುತ್ತ ಹೇಳಿದರು: "ಚೀಲ ಬಿಚ್ಚದೆ ಕೊಬ್ಬರಿ ಹಳಸಿದ್ದು ಹೇಳೋ ಮೂಗು ಕಣಮ್ಮ ಇದು. ಒಂದೇ ಮನೇಲಿ ಇದ್ದು ನಂಗೆ ಗೊತ್ತಾಗ್ದೆ ಇರುತ್ತಾ? ಹೆಂಗಸರ ವಿಷ್ಯ, ಅವಳೇ ಹೇಳ್ಲಿ ಅಂತ ಕಾದೆ." ಆಮೇಲೆ, "ಆವತ್ತು ಆಯಮ್ಮ ನನ್ನ ಮುಖಾನೂ ನೋಡಿದ್ಲು," ಅಂದರು.

ಹನ್ನೊಂದನೆಯ ದಿನ ತೊಟ್ಟಿಯಲ್ಲಿ ಆಕೆ ನುಂಗಿಕೊಂಡದ್ದು ಒಂದು ಮಾತಲ್ಲ, ಎರಡು ಎಂದು ಹನ್ನೆರಡು ವರ್ಷದ ಮೇಲೆ ನನಗೆ ಅರ್ಥವಾಯಿತು. ಮರುದಿನ ನಾವಿಬ್ಬರೂ ಬಟವಾಡಿಗೆ ಹೋದೆವು. ಒಂದಂಕಣದ ಮನೆಗೆ ಬೀಗವಿತ್ತು. ಹಿಂದುಗಡೆ ಬಟ್ಟೆ ಒಗೆಯುವ ಕಲ್ಲು, ತಳ ತೂತಾದ ಒಂದು ಹಂಡೆ. ಅಪ್ಪಾಜಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಲೇಡಿ ಡಾಕ್ಟರ ಎದುರು ನಿಂತಿದ್ದ ಹಾಗೆಯೇ, ಆ ಬೀಗದ ಎದುರು ನಿಂತರು.

ಈಗಲೂ ಸ್ನಾನ ಮುಗಿಸಿ ಹೊರಗೆ ಬರುವಾಗ ಒಂದು ಚೆಂಬು ಬಿಸಿನೀರು ತುಂಬಿ, ಬಚ್ಚಲ ಕಟ್ಟೆಯ ಮೇಲೆ ಇಟ್ಟು ಬರುತ್ತೇನೆ. ಮನೆಯವರು ಯಾಕೆ ಎಂದು ಕೇಳುತ್ತಾರೆ. ಸಂಜೆಗೆ ಅದು ತಣ್ಣಗಾಗಿರುತ್ತದೆ, ನಾನೇ ಚೆಲ್ಲುತ್ತೇನೆ.